ಹೊಸ ಹಲ್ಲಿನ ಮೊದಲ ಪಾನಿಪೂರಿ

ಹಲ್ಲಿನ ಸೆಟ್ಟು ಬಾಯಿಗೆ ಕೂತು ಇನ್ನೂ ಒಂದು ಗಂಟೆ ಆಗಿರಲಿಲ್ಲ, ಗುಂಡಿಯಕ್ಕ ಗಂಡನ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಳು. ಯಾರದೋ ಬಿಳಿ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದ ಯಜಮಾನರು ತಲೆಯೆತ್ತಿದರು. ಆ ಅಂಗಿ ಸಂಜೆಯೊಳಗೆ ಕೊಡಬೇಕಾದದ್ದು ಎಂದು ಹೇಳಿ ನೋಡಿದರು. ಇವತ್ತು ಹಾಕಿಕೊಂಡರೂ ಅಂಗಿ, ನಾಳೆ ಹಾಕಿಕೊಂಡರೂ ಅಂಗಿಯೇ ಎಂದು ಅಕ್ಕ ಆ ಮಾತನ್ನು ಅಲ್ಲಿಗೇ ಮುಗಿಸಿದಳು.

"ಏಳ್ರೀ, ಪಾನಿಪೂರಿ ತಿನ್ನೋಕೆ ಹೋಗೋಣ."

ಹಲ್ಲಿನ ಡಾಕ್ಟರಮ್ಮ ಹೇಳಿ ಕಳಿಸಿದ್ದೇ ಬೇರೆ. ಮೊದಲ ಕೆಲವು ವಾರ ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ತರಕಾರಿ. ಗಟ್ಟಿ ಪದಾರ್ಥದ ತಂಟೆಗೇ ಹೋಗಬಾರದು, ಒಸಡು ನಿಧಾನಕ್ಕೆ ಒಗ್ಗಿಕೊಳ್ಳಬೇಕು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದ್ದಳು. ಅವಳು ತಲೆಯಾಡಿಸುತ್ತಿದ್ದಾಳೆ ಎಂದರೆ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದು ಯಜಮಾನರಿಗೆ ಗೊತ್ತು. ಪಾಪ, ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು.

ಗಂಡ ಹೆಂಡತಿ ಇಬ್ಬರದೂ ಬೀದಿಗೆ ಬಾಗಿಲು ತೆರೆಯುವ ಒಂದೇ ಕೋಣೆಯ ಅಂಗಡಿ. ಒಳಗೆ ಹೋಗುತ್ತಲೇ ಬಲಕ್ಕೆ ಅವಳ ಹೊಲಿಗೆ ಮಿಷನ್ನು, ಎಡಕ್ಕೆ ಅವರ ಇಸ್ತ್ರಿ ಮೇಜು, ಹಿಂದಿನ ಪರದೆಯ ಆಚೆ ಅಡುಗೆ ಮನೆ. ದೊಡ್ಡ ಟೈಲರ್ ಅಂಗಡಿಗಳು ಹೊಲಿದು ಕಳಿಸುವ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವುದು ಅವಳ ಕೆಲಸ, ಅವೇ ಅಂಗಿಗಳನ್ನು ಒತ್ತಿ ಮಡಿಸುವುದು ಅವರ ಕೆಲಸ. ಅವಳ ಹೆಸರನ್ನು ಬೀದಿಯವರು ಮರೆತು ಯಾವ ಕಾಲವಾಯಿತೋ, ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಗುಂಡಿಯಕ್ಕ.

ಆ ಗುಂಡಿಗಳೇ ಅವಳ ಹಲ್ಲು ತಿಂದವು. ಮಗ್ಗುಲಲ್ಲೇ ಕತ್ತರಿ ಬಿದ್ದಿದ್ದರೂ ಅದನ್ನು ಎತ್ತಿಕೊಳ್ಳುವಷ್ಟು ತಾಳ್ಮೆ ಅವಳಿಗೆ ಎಂದೂ ಇರಲಿಲ್ಲ. ಗುಂಡಿ ಹಾಕಿ ಮುಗಿಯುತ್ತಲೇ ಅಂಗಿಯನ್ನು ಮುಖದ ಹತ್ತಿರ ತಂದು ದಾರವನ್ನು ಟಕ್ಕನೆ ಕಡಿದುಬಿಡುವುದು. ಜೀವಮಾನವೆಲ್ಲ ಹೀಗೆ ಕಡಿದ ಮೇಲೆ ಮುಂದಿನ ಹಲ್ಲುಗಳು ಸವೆದು, ಅಲ್ಲಾಡಿ, ಒಂದೊಂದಾಗಿ ಕೈಕೊಟ್ಟವು. ಉಳಿದವುಗಳನ್ನು ಒಸಡಿನ ಕಾಯಿಲೆ ವಿಚಾರಿಸಿಕೊಂಡಿತು. ಮೂರು ವರ್ಷದಿಂದ ಅವಳ ಬಾಯಿ ಬೋಳು, ಅಡುಗೆಯೂ ಬೋಳು. ಅಜ್ಜಿಯಂದಿರ ಊಟ ಎಂದು ತಾನೇ ಅದನ್ನು ಗೇಲಿ ಮಾಡುತ್ತಿದ್ದಳು.

ಗಂಜಿಯನ್ನು ಅವಳು ಹೇಗೋ ಸಹಿಸಿಕೊಂಡಿದ್ದಳು. ಸಹಿಸಲಾಗದೆ ಹೋದದ್ದು ಪಾನಿಪೂರಿಯ ವಿಷಯ. ಪಾನಿಪೂರಿ ತಿನ್ನುವುದರಲ್ಲಿ ಅವಳದು ಎತ್ತಿದ ಕೈ. ಎಷ್ಟೇ ದೊಡ್ಡ ಪೂರಿಯಾಗಲಿ ಇಡಿಯಾಗಿ ಒಳಗೆ, ತುಟಿ ಮುಚ್ಚಿ ಒಂದೇ ಕಡಿತ, ಒಂದು ಹನಿಯೂ ಹೊರಗೆ ಬೀಳಬಾರದು. ಅರ್ಧ ಕಚ್ಚಿ ಅಂಗೈ ತುಂಬ ನೀರು ಸುರಿದುಕೊಳ್ಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಲ್ಲು ಹೋದ ಮೇಲೆ ಒಮ್ಮೆ ಪೂರಿಯನ್ನು ನೀರಲ್ಲಿ ನೆನೆಸಿ ನುಂಗಿ ನೋಡಿ, ಒದ್ದೆ ಕಾಗದ ತಿಂದ ಹಾಗಿದೆ ಎಂದು ಕೈಬಿಟ್ಟಿದ್ದಳು. ಹಲ್ಲಿನ ಸೆಟ್ಟು ಬೇಕೆಂದು ಹಟ ಹಿಡಿದದ್ದು ಚಂದಕ್ಕಲ್ಲ. ಒಂದೇ ಒಂದು ಪೂರಿ ಬಾಯೊಳಗೆ ಕರುಂ ಎಂದು ಒಡೆಯಬೇಕು, ಅಷ್ಟೇ.

ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನ ಅಂಗಡಿಯವಳಿಗೆ ಹಲ್ಲು ತೋರಿಸಿದಳು, ಸೈಕಲ್ ರಿಪೇರಿಯವನಿಗೆ ತೋರಿಸಿದಳು, ಗುರುತೇ ಇಲ್ಲದ ಒಬ್ಬ ಪೊಲೀಸಿನವನಿಗೂ ನಕ್ಕು ತೋರಿಸಿದಳು. 'ಸ' ಬರುವ ಮಾತೆಲ್ಲ ಸಿಳ್ಳೆಯಾಗಿ ಹೊರಡುತ್ತಿತ್ತು, ನಮಸ್ಕಾರ ಅಂದರಂತೂ ರೈಲು ಹೊರಟಿತೇನೋ ಅನ್ನಬೇಕು. ಯಜಮಾನರು ಎಂದಿನಂತೆ ಎರಡು ಹೆಜ್ಜೆ ಹಿಂದೆ ಬರುತ್ತ, ಡಾಕ್ಟರಮ್ಮನ ಮಾತನ್ನು ಒಮ್ಮೆ ನೆನಪಿಸಲು ಹೋಗಿ ಬೈಸಿಕೊಂಡರು.

ಚಾಟಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ಒತ್ತಿದ ಕಿರಿದಾದ ಮೇಜುಗಳು, ಮೇಲೆ ಕಿರ್ರೆನ್ನುವ ಫ್ಯಾನು, ಬಾಗಿಲಲ್ಲೇ ಸ್ಟೀಲಿನ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಹಸಿರು ನೀರು, ಇನ್ನೊಂದರಲ್ಲಿ ಹುಣಸೆಯ ನೀರು. ಅವುಗಳ ಹಿಂದೆ ನಿಂತ ಪೂರಿಯವನು ಅಕ್ಕನನ್ನು ನೋಡಿದ್ದೇ ಕೈಯಲ್ಲಿದ್ದ ಪೂರಿಯನ್ನು ಬುಟ್ಟಿಗೆ ವಾಪಸ್ಸು ಹಾಕಿದ. ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ, ಬೇರೆ ಅಂಗಡಿ ಹಿಡಿದಿರೇನೋ ಅಂದುಕೊಂಡಿದ್ದೆ ಎಂದು ಮುನಿಸು ತೋರಿಸಿದ. ಅಕ್ಕ ಉತ್ತರಕ್ಕೆ ಬದಲು ಬಾಯಿ ಅಗಲಿಸಿದಳು. ಹಲ್ಲು ನೋಡಿ ಅವನು ಬೆರಗಾಗಿ, ಸಾಲಿನಲ್ಲಿದ್ದ ಇನ್ನಿಬ್ಬರನ್ನು ಪಕ್ಕಕ್ಕೆ ಸರಿಸಿ, ಗಂಡ ಹೆಂಡತಿಗೆ ಎದುರಿಗೇ ಜಾಗ ಮಾಡಿಕೊಟ್ಟ.

ಅಲ್ಲಿ ಪಾಳಿಯ ಮೇಲೆ ಕೊಡುವುದು. ಹೆಬ್ಬೆರಳಿನಿಂದ ಪೂರಿಯ ನೆತ್ತಿ ಒಡೆದು, ಆಲೂಗಡ್ಡೆ ತುರುಕಿ, ನೀರಲ್ಲಿ ಮುಳುಗಿಸಿ ಒಬ್ಬರ ಬಟ್ಟಲಿಗೆ ಇಟ್ಟು ಮುಂದಿನವರಿಗೆ ಹೋಗುತ್ತಾನೆ. ಅವನ ಕೈ ಸುತ್ತು ಮುಗಿಸಿ ಬರುವಷ್ಟರಲ್ಲಿ ತಿಂದಿರಬೇಕು.

ಮೊದಲನೆಯದಕ್ಕೆ ಅವಳು ಹಳೇ ಲೆಕ್ಕದಲ್ಲೇ ಬಾಯಿ ತೆರೆದಳು. ಮೇಲಿನ ಸೆಟ್ಟು ಅಂಗುಳ ಬಿಟ್ಟು ಕೆಳಗಿಳಿದು ಪೂರಿಗೆ ಅಡ್ಡ ನಿಂತಿತು. ಪೂರಿ ಜಾರಿ ಬಟ್ಟಲಿಗೆ ಬಿತ್ತು. ಎರಡನೆಯದಕ್ಕೆ ನಾಲಿಗೆಯಿಂದ ಸೆಟ್ಟನ್ನು ಮೇಲಕ್ಕೆ ಒತ್ತಿ ಹಿಡಿದಳು, ಆಗ ಪೂರಿಗೆ ಜಾಗವಿಲ್ಲ. ಮೂರನೆಯದು ಒಳಗೆ ಹೋಯಿತು. ಅಕ್ಕ ಕಣ್ಣು ಮುಚ್ಚಿ ಕಡಿದಳು. ಮೇಲಿನದು ಒಂದು ಕಡೆ, ಕೆಳಗಿನದು ಒಂದು ಕಡೆ ಸರಿದು, ಪೂರಿಯ ಚೂರೊಂದು ಒಸಡಿಗೆ ಮುಳ್ಳಿನಂತೆ ನಾಟಿತು. ಹಸಿರು ನೀರು ಗದ್ದದ ಮೇಲಿಂದ ಇಳಿದು ಸೆರಗು ಸೇರಿತು. ಅವಳಿಗೆ ನೋವಿಗಿಂತ ಅವಮಾನವೇ ಹೆಚ್ಚಾಯಿತು. ಇದಕ್ಕಾಗಿ ಇಷ್ಟು ದಿನ ಕಾದೆನಲ್ಲ ಎಂದು ಅಳುವೇ ಬಂತು.

ಗಂಡ ನಗುತ್ತಿರಬಹುದು, ನಕ್ಕರೆ ಅವರ ಮೇಲೆ ರೇಗಿ ಸಮಾಧಾನ ಮಾಡಿಕೊಳ್ಳೋಣ ಎಂದು ತಿರುಗಿದಳು. ಅವರು ನಗುತ್ತಿರಲಿಲ್ಲ. ಅವರ ಬಟ್ಟಲಿನಲ್ಲಿ ಮೂರು ಪೂರಿಗಳೂ ಹಾಗೇ ಇದ್ದವು, ನೆನೆದು ಕುಸಿದು ಮುದ್ದೆಯಾಗುತ್ತಿದ್ದವು. ಪೂರಿಯವನು ಹೀಗಾದರೆ ನಾನು ಮುಂದಿನದನ್ನು ಎಲ್ಲಿಡಲಿ ಎಂದು ಗೊಣಗುತ್ತಿದ್ದ.

"ಯಾಕ್ರೀ ತಿಂತಿಲ್ಲ?"

"ನೀನು ತಿನ್ನು, ಆಮೇಲೆ ನಾನು."

"ನಂದು ಆಗ್ತಿಲ್ಲ ಅಂತ ಕಾಣ್ತಿದೆಯಲ್ಲ. ನಿಮಗೇನಾಗಿದೆ?"

ಯಜಮಾನರು ಸುತ್ತ ನೋಡಿ, ದನಿ ತಗ್ಗಿಸಿದರು. "ಸದ್ದಾಗುತ್ತಲ್ಲ."

ಅಕ್ಕನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಗೇ ಹೊಳೆಯಿತು. ಕೊನೆಯ ಹಲ್ಲು ಕೀಳಿಸಿಕೊಂಡು ಬಂದು, ಬಾಯಿತುಂಬ ಹತ್ತಿ ಕಚ್ಚಿಕೊಂಡು ಮಲಗಿದ್ದ ದಿನ, ಪರದೆಯ ಆಚೆ ಇವರು ಹುರಿಗಡಲೆ ಅಗಿಯುತ್ತಿದ್ದರು. ಅವಳು ಅಳತೆಯ ಟೇಪನ್ನು ಅವರತ್ತ ಎಸೆದು, ಇನ್ನು ಮುಂದೆ ಕರುಂ ಕುರುಂ ಅನ್ನುವ ಸದ್ದು ನನ್ನ ಕಿವಿಗೆ ಬಿದ್ದರೆ ನೋಡಿ ಎಂದು ಕೂಗಿದ್ದಳು. ಸಂಜೆಗೆಲ್ಲ ಅವಳು ಅದನ್ನು ಮರೆತಿದ್ದಳು. ಕೋಪದಲ್ಲಿ ಅಂದ ಮಾತು, ಅದಕ್ಕೆಲ್ಲ ಯಾರು ಬೆಲೆ ಕೊಡುತ್ತಾರೆ?

"ಅದು ನಾನು ಸಿಟ್ಟಲ್ಲಿ ಅಂದಿದ್ದು ಕಣ್ರೀ. ಹೊರಗಾದ್ರೂ ತಿನ್ನಬಾರದಿತ್ತಾ?"

"ತಿನ್ನಬಹುದಿತ್ತು," ಎಂದರು ಯಜಮಾನರು. "ಹೊರಗೆ ತಿಂದ್ಕೊಂಡು ಬಂದು ನಿನ್ನ ಜೊತೆ ಗಂಜಿಗೆ ಕೂರೋಕೆ ಮನಸ್ಸು ಬರ್ಲಿಲ್ಲ."

ಗಟ್ಟಿ ಹಲ್ಲಿನ ಸಾಲನ್ನು ಬಾಯೊಳಗಿಟ್ಟುಕೊಂಡು ಈ ಮನುಷ್ಯ ಮೂರು ವರ್ಷ ತನ್ನ ಅಜ್ಜಿಯಂದಿರ ಊಟ ಉಂಡಿದ್ದಾರೆ. ಉಪ್ಪು ಸಾಲದು ಎಂದಿದ್ದಾರೆಯೇ ಹೊರತು ಒಂದು ದಿನವೂ ಇನ್ನೇನೂ ಕೇಳಿಲ್ಲ. ಅಕ್ಕನಿಗೆ ಅವರನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟು ಜನರ ನಡುವೆ ಎರಡನೆಯದು ಸಾಧ್ಯವಿರಲಿಲ್ಲ, ಹಾಗಾಗಿ ಮೊದಲನೆಯದನ್ನೇ ಚೆನ್ನಾಗಿ ಮಾಡಿದಳು. ಸಾಲಿನವರೆಲ್ಲ ತಿರುಗಿ ನೋಡಿದರು.

ಬೈದು ಮುಗಿಸಿ ಅವಳು ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ಕೈಯಿಂದ ಆ ಮುದ್ದೆಯ ಬಟ್ಟಲನ್ನು ಕಿತ್ತುಕೊಂಡು ತಾನೇ ಇಟ್ಟುಕೊಂಡಳು.

"ತಮ್ಮಾ, ಇವರಿಗೆ ಹೊಸದು ಹಾಕು. ದೊಡ್ಡದು ಆರಿಸು. ಖಾರ ಜೋರಾಗಿರ್ಲಿ."

ಪೂರಿಯವನು ಬುಟ್ಟಿಯೆಲ್ಲ ತಡಕಿ ಉಬ್ಬಿದ ಪೂರಿಯೊಂದನ್ನು ಆರಿಸಿ ತುಂಬಿ ಮುಳುಗಿಸಿದ. ಯಜಮಾನರು ಬಟ್ಟಲು ಹಿಡಿಯಲು ಕೈ ಚಾಚುವ ಮೊದಲೇ ಅಕ್ಕ ಪೂರಿಯನ್ನು ತನ್ನ ಬೆರಳಲ್ಲಿ ಹಿಡಿದು ಅವರ ಮುಖದ ಹತ್ತಿರ ಒಯ್ದಳು. ಅವರು ನಾಚಿ ಕೆಂಪಾದರು. ಬಾಯಿ ತೆಗೀರಿ ಎಂದಳು, ತೆಗೆದರು.

ಕರುಂ ಎಂದಿತು.

ಅಕ್ಕ ಬೋಳುಬಾಯಿ ಪೂರಾ ತೆರೆದು ನಕ್ಕಳು. "ಸರಿಯಾಗಿ ಕೇಳಿಸ್ಲಿಲ್ಲ," ಎಂದಳು, ಅವರು ನುಂಗುವ ಮೊದಲೇ ಪೂರಿಯವನ ಮುಂದೆ ಮತ್ತೆ ಕೈಯೊಡ್ಡಿದಳು.