ಜಗಲಿಯ ದೀಪ ಮತ್ತು ಹಿರಿಯಡ್ಕದ ಕಡೆಯ ಮಿಂಚು

ಅಂದು ಬೆಳಿಗ್ಗೆ ಕುಚ್ಚಲಕ್ಕಿ ಬೇಯಲು ಇಟ್ಟೆ, ಅಂಗಳ ಗುಡಿಸಿದೆ, ಹಲಸಿನ ಹಪ್ಪಳವನ್ನು ತಾರಸಿಯ ಮೇಲೆ ಒಣಗಲು ಹಾಕಿದೆ, ಮಣಿಪಾಲದ ಕಚೇರಿಗೆ ಹೋಗಿ ಬಂದೆ, ಬರುವಾಗ ಅತ್ತೆಯ ಕಣ್ಣಿನ ಔಷಧಿ ತಂದೆ, ಹಪ್ಪಳ ಒಳಗಿಟ್ಟೆ, ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿದೆ.

ಮೇ ಮುಗಿಯುತ್ತಾ ಬಂದಿತ್ತು. ಪರ್ಕಳದ ನಮ್ಮ ಮನೆಗೆ ಸಿಡಿಲು ಬರುವುದು ಸಂಜೆ, ಕಾರ್ಕಳದ ಕಡೆಯಿಂದ. ಮಳೆಗಾಲ ಹಿಡಿದರೆ ಮಿಂಚು ಅಪರೂಪ. ಹಿಂದಿನ ವರ್ಷ ಕಾಪುವಿನ ಕಡಲತೀರದಲ್ಲಿ ಮಿಂಚಿನ ಚಿತ್ರಕ್ಕೆ ಕಾದು ಕೂತಾಗ ಗಾಳಿಗೆ ಕ್ಯಾಮೆರಾದ ಸ್ಟ್ಯಾಂಡ್ ಅಲುಗಿ ಎಲ್ಲ ಚಿತ್ರವೂ ಮಸುಕಾಗಿತ್ತು. ಈ ಸಲ ಮೇಲಿನ ಕೋಣೆಯ ಕಿಟಕಿಯ ಒಳಗೇ ಇಟ್ಟಿದ್ದೆ.

ಕತ್ತಲಾಗುವಾಗ ಇವರ ಫೋನ್ ಬಂತು. ಇವರಿಗೆ ಕೆಲಸ ಕಾರ್ಕಳದ ಕಲ್ಲಿನ ಯಾರ್ಡಿನಲ್ಲಿ.

"ಇಲ್ಲಿ ಗುಡುಗು ಶುರುವಾಯಿತು ಮಾರಾಯ್ತಿ. ನಿನ್ನ ನೆಂಟರು ಹೊರಟಿದ್ದಾರೆ, ಕ್ಯಾಮೆರಾ ಇಡು."

"ನೀವು ಅಲ್ಲೇ ನಿಲ್ಲಿ."

"ಸ್ಕೂಟರ್ ಸ್ಟಾರ್ಟ್ ಆಗಿ ಆಯಿತು."

ಕರೆಂಟ್ ಹೋಯಿತು. ಅತ್ತೆ ಟಿವಿ, ಫ್ರಿಜ್ಜಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಚಾರ್ಜ್ ದೀಪವನ್ನು ಜಗಲಿಯಲ್ಲಿ ಇಟ್ಟರು. ನಾನು ಇಳಿದು ಬಂದು ನಂದಿಸಿದೆ. ಕ್ಯಾಮೆರಾದ ಶಟರ್ ಅರ್ಧ ನಿಮಿಷ ತೆರೆದಿಟ್ಟರೆ ಮಿಂಚು ಯಾವಾಗ ಹೊಡೆದರೂ ಚಿತ್ರದೊಳಗೆ ಬರುತ್ತದೆ. ಹಾಗೆಯೇ ಜಗಲಿಯ ಬೆಳಕೂ ಬಂದು ಮುಂದಿನ ತೆಂಗಿನ ಗರಿಗಳನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತದೆ.

"ಅವನು ಬರುವಾಗ ಬೆಳಕು ಬೇಡವಾ?"

"ಸ್ವಲ್ಪ ಹೊತ್ತು, ಅತ್ತೆ."

"ನಿನಗೆ ಆಕಾಶದ ಬೆಳಕೇ ದೊಡ್ಡದು. ಆಗಲಿ."

ಶಟರ್ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಮಿಂಚುತ್ತಿದ್ದದ್ದು ಹಿರಿಯಡ್ಕದ ಮೇಲೆ, ಇವರು ಬರುವ ದಾರಿಯ ಮೇಲೆಯೇ. ಬರಲಿ ಬರಲಿ ಎಂದು ನಾನು ಕಾಯುತ್ತಿದ್ದ ಮೋಡದ ಕೆಳಗೆ ಇವರ ಸ್ಕೂಟರ್. ಒಂದು ಮಿಂಚು ಕವಲೊಡೆದು ನೆಲದವರೆಗೆ ಇಳಿಯಿತು. ಆಹಾ ಎಂದೆ, ಕೂಡಲೇ ಇವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದೆ. ಕೂತೆ, ಎದ್ದೆ. ಯಾವುದೋ ಬೈಕ್ ಸದ್ದು ಬಂತು, ಅದು ಮುಂದೆ ಹೋಯಿತು.

ಶಟರ್ ತೆರೆದಿದ್ದಂತೆಯೇ ಬಿಟ್ಟು ಕೆಳಗೆ ಓಡಿ ಜಗಲಿಯ ದೀಪ ಹಚ್ಚಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಆಗಲೇ ಇಡೀ ಅಂಗಳ ಹಗಲಾಗುವ ಹಾಗೆ ಇನ್ನೊಂದು ಮಿಂಚು. ಇಬ್ಬರೂ ಗೇಟನ್ನೇ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

ಮಳೆ ಸುರಿದು ಹನಿ ಕಡಿಮೆಯಾದ ಮೇಲೆ ಇವರು ಬಂದರು, ತೊಯ್ದು ತೊಪ್ಪೆಯಾಗಿ. ಹಿರಿಯಡ್ಕದಲ್ಲಿ ಅಂಗಡಿಯೊಂದರ ಒಳಗೆ ನಿಂತಿದ್ದರಂತೆ.

"ಸಿಡಿಲಿಗೆ ಹೆದರಿ ಫೋನ್ ಆಫ್ ಮಾಡಿದ್ದು. ಎಂತ, ಸಿಕ್ಕಿತಾ?"

"ಹೆದರಿದ್ದು ನೀನೋ ನಾವೋ?" ಎಂದರು ಅತ್ತೆ.

ಕ್ಯಾಮೆರಾ ತಂದು ತೋರಿಸಿದೆ. ಮೊದಲಿನವುಗಳಲ್ಲಿ ಬರೀ ಮೋಡ. ಕವಲೊಡೆದ ಮಿಂಚು ನಾನು ಶಟರ್ ಮುಚ್ಚಿದ್ದ ಹೊತ್ತಿಗೆ ಹೊಡೆದಿತ್ತು. ಕೊನೆಯದರಲ್ಲಿ ಗರಿಗಳೆಲ್ಲ ಬಿಳಿಚಿ, ಹಿಂದೆ ಮಿಂಚಿನ ಒಂದು ಎಳೆ, ಇತ್ತೋ ಇಲ್ಲವೋ ಎಂಬಷ್ಟು.

"ಮಜ್ಜಿಗೆ ಚೆಲ್ಲಿದ ಹಾಗೆ ಉಂಟು," ಎಂದರು ಇವರು, ತಲೆ ಒರೆಸಿಕೊಳ್ಳುತ್ತಾ.

ಗಂಜಿ, ಒಣಮೀನಿನ ಚಟ್ನಿ, ಸುಟ್ಟ ಹಪ್ಪಳ ಉಂಡೆವು. ಇವರು ತಲೆಯಿಟ್ಟ ಕೂಡಲೇ ನಿದ್ದೆ ಹೋದರು. ಗುಡುಗು ಆಗ ಕಾಪುವಿನ ಕಡೆ, ಕಡಲಿನ ಮೇಲೆ ಸರಿದಿತ್ತು. ನಾನು ಹೊರಳುತ್ತಿದ್ದದ್ದು ಅತ್ತೆಗೆ ಕೇಳಿಸಿರಬೇಕು.

"ಹೋಗು, ಒಮ್ಮೆ ನೋಡಿ ಬಾ. ಈಗ ಎಲ್ಲರೂ ಒಳಗೆ ಇದ್ದೇವಲ್ಲ," ಎಂದು ಅವರೇ ಎದ್ದು ಹೋಗಿ ಜಗಲಿಯ ದೀಪ ನಂದಿಸಿದರು. ನಾನು ಪಶ್ಚಿಮದ ಕಿಟಕಿಗೆ ಸ್ಟ್ಯಾಂಡ್ ಇಡುವಷ್ಟರಲ್ಲಿ ಅವರಿಗೂ ನಿದ್ದೆ ಬಂದಿತ್ತು.