ಹಾಲೇಶಣ್ಣನ ನೋಟ್‌ಬುಕ್

ಪೆನ್‌ಡ್ರೈವ್ ಚುಚ್ಚುವ ಮೊದಲು ಹಾಲೇಶಣ್ಣ ಕಿವಿಯ ಮೇಲಿನ ಪೆನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಕಾರಿನ ಪರದೆಗೆ ಹೊಸ ಮ್ಯಾಪ್ ಹಾಕಿದರೆ ಮಾಲೀಕರು ಉಳಿಸಿಟ್ಟುಕೊಂಡ ಜಾಗಗಳು ಕೆಲವೊಮ್ಮೆ ಅಳಿಸಿಹೋಗುತ್ತವೆ. ಅದಕ್ಕೇ ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ತುಂಬುತ್ತಿದ್ದರು. ಅಕ್ಕನ ಮನೆ, ಬೀಗರ ಮನೆ, ಹಲ್ಲಿನ ಡಾಕ್ಟರು. "ಹೊಸಾದು ಹಾಕು, ಬ್ಯಾಡ ಅನ್ನಲ್ಲ. ಅವರ ಹಳೇ ಮಂದೀನ ಯಾಕ ಕಳೀತಿ?" ಎಂದು ನನಗೆ ಹೇಳುತ್ತಿದ್ದರು.

ದಾವಣಗೆರೆಯ ಆ ಕಾರ್ ಆಕ್ಸೆಸರಿ ಅಂಗಡಿಯಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಅಕ್ಕಪಕ್ಕ ಕೂತು ಕೆಲಸ ಮಾಡಿದೆವು. ಡಿಪ್ಲೊಮಾ ಓದಿದವನು ನಾನು. ಅವರು ಟ್ಯಾಕ್ಸಿ ಓಡಿಸುವುದನ್ನು ಬಿಟ್ಟು ಈ ಕೆಲಸ ಕಲಿತವರು. ಅವರು ಅರ್ಧ ದಿನ ಹಿಡಿಯುವುದನ್ನು ನಾನು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದೆ. ಆದರೂ ಗಿರಾಕಿಗಳು ನನ್ನ ಮುಖ ನೋಡಿಯೇ ಕೇಳುತ್ತಿದ್ದರು, "ಹಾಲೇಶಣ್ಣ ಇಲ್ಲೇನ್ರಿ?" ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು.

ಮ್ಯಾಪ್ ಸರಿಯಾಗಿ ಕೂತಿದೆಯೇ ನೋಡಲು ಕಾರನ್ನು ಗಿರಾಕಿಯ ಮನೆತನಕ ಅವರೇ ಓಡಿಸುತ್ತಿದ್ದರು. ಆವರಗೆರೆ ಕಡೆಯ ಹೊಸ ಬಡಾವಣೆಯಲ್ಲಿ ಪರದೆಯ ಬಾಣ ರಸ್ತೆಯೇ ಇಲ್ಲದ ಖಾಲಿ ಜಾಗದಲ್ಲಿ ನಿಂತರೆ, "ನಿಮ್ಮ ಮನಿ ಇದರಾಗ ಇನ್ನೂ ಹೊಲದಾಗ ಐತೆ ನೋಡ್ರಿ" ಎಂದು ನಗಿಸಿ, ಆ ಜಾಗವನ್ನು ಕೈಯಾರೆ ಗುರುತು ಹಾಕಿ ಕೊಡುತ್ತಿದ್ದರು. ಮನೆಯವರು ಬಿಡುತ್ತಾರೆಯೇ? ಒಳಗೆ ಕರೆದು ಮಂಡಕ್ಕಿ, ಮಿರ್ಚಿ, ಚಹಾ. ಮಿರ್ಚಿಯ ವಾಸನೆ ಹೊತ್ತು ಮರಳಿದವರನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ಅವರು ರಜೆಯಲ್ಲಿದ್ದಾಗ ಹರಿಹರದ ಅಡುಗೆ ಕಂಟ್ರಾಕ್ಟರ್ ಒಬ್ಬರ ಕಾರು ನನ್ನ ಕೈಗೆ ಸಿಕ್ಕಿತು. ವೇಗ ತೋರಿಸುವ ಹುಮ್ಮಸ್ಸಿನಲ್ಲಿ ಏನೂ ಬರೆದುಕೊಳ್ಳದೆ ಮ್ಯಾಪ್ ಏರಿಸಿಬಿಟ್ಟೆ. ಕಲ್ಯಾಣ ಮಂಟಪಗಳು, ತರಕಾರಿ ಕೊಡುವ ತೋಟ, ಮದುವೆ ಮನೆಗಳು, ಎಲ್ಲ ಮಾಯ. ಮರುದಿನ ಕಂಟ್ರಾಕ್ಟರ್ ಅಂಗಡಿಗೆ ಬಂದು ಕೂಗಾಡುತ್ತಿದ್ದರೆ, ರಜೆ ಮುಗಿಸಿ ಬಂದಿದ್ದ ಹಾಲೇಶಣ್ಣ ಹಳೆಯ ನೋಟ್‌ಬುಕ್ ತೆಗೆದರು. ಹಿಂದಿನ ಸಲ ಬರೆದುಕೊಂಡ ಪಟ್ಟಿ ಹಾಗೇ ಇತ್ತು. "ಹುಡುಗ ಅವಸರ ಮಾಡ್ಯಾನೆ, ಸಿಟ್ಟಾಗಬ್ಯಾಡ್ರಿ. ಕೂಡ್ರಿ" ಎಂದು ಎಲ್ಲವನ್ನೂ ತುಂಬಿಕೊಟ್ಟರು. ನನ್ನ ಮಾನ ಉಳಿಸಿದರು. ಅದಕ್ಕೇ ಅವರ ಮೇಲೆ ಇನ್ನಷ್ಟು ಉರಿದುಕೊಂಡೆ.

ಕೆಲಸ ಬಿಟ್ಟ ಮೇಲೆ ಒಂದು ದಿನ ಹಾಲೇಶಣ್ಣ ತಮ್ಮ ಹಳೆಯ ಕಾರನ್ನೇ ಅಂಗಡಿಗೆ ತಂದರು. "ಕಣ್ಣು ಮಂಜಾಗ್ಯಾವೆ, ನೀನೇ ಹಾಕಿಕೊಡಪ್ಪ." ನಾನು ಮೊದಲು ಪೆನ್ನು ತೆಗೆದೆ. ಅವರ ಮುಖ ಅರಳಿತು. ಉಳಿಸಿಟ್ಟ ಜಾಗಗಳನ್ನು ಬರೆಯುತ್ತಾ ಹೋದೆ. ಬರೀ ಗಿರಾಕಿಗಳ ಮನೆಗಳು. ನನ್ನ ಮೇಲೆ ಕೂಗಾಡಿದ ಆ ಅಡುಗೆಯವರ ಮನೆಯೂ ಇತ್ತು. ವಿದ್ಯಾನಗರದ ನಮ್ಮ ಮನೆ ಇರಲಿಲ್ಲ. ತಡೆಯಲಾಗದೆ ಕೇಳಿಯೇಬಿಟ್ಟೆ, "ಊರವರ ಮನಿ ಎಲ್ಲಾ ಐತೆ, ನಮ್ಮದು ಯಾಕ ಇಲ್ಲಣ್ಣ?"

"ನೀ ಒಂದಿನಾನೂ ಕರೀಲಿಲ್ಲಲ್ಲೋ."

ನಗುತ್ತಲೇ ಅಂದರು. ಬರ್ರಿ ಎಂಬ ಒಂದು ಮಾತು ಆಗಲೂ ನನ್ನ ಬಾಯಿಂದ ಹೊರಡಲಿಲ್ಲ.

ಹಾಲೇಶಣ್ಣ ತೀರಿಕೊಂಡ ಸುದ್ದಿ ಬಂದ ದಿನ ಹರಿಹರದಲ್ಲಿದ್ದ ಅವರ ಮನೆಗೆ ಹೋದೆ. ಅಂಗಳದ ತುಂಬ ಗಿರಾಕಿಗಳು. ಎಲ್ಲರೂ ಮೊದಲೇ ಆ ಮನೆಗೆ ಬಂದುಹೋದವರು, ಯಾರೂ ಯಾರನ್ನೂ ದಾರಿ ಕೇಳಿ ಬಂದಿರಲಿಲ್ಲ. ಅವರನ್ನು ನೋಡಿ ಅಲ್ಲೂ ನನಗೆ ಹೊಟ್ಟೆ ಉರಿಯಿತು. ಒಂಬತ್ತು ವರ್ಷ ಪಕ್ಕದಲ್ಲಿ ಕೂತವನು ಮಾತ್ರ ದಾರಿ ಗೊತ್ತಿಲ್ಲದೆ ಮ್ಯಾಪ್ ಹಾಕಿಕೊಂಡು ಬಂದಿದ್ದ.