ಅಣ್ಣು ಎತ್ತಿ ಹೊಯ್ದ ನೀರು

ಅಣ್ಣು ಪೂಜಾರಿಯವರ ಬಗ್ಗೆ ಬರೆಯಬೇಕೆಂದರೆ ಮೊದಲು ಅವರ ಕೈಯ ಬಗ್ಗೆ ಬರೆಯಬೇಕು. ಕಾಂದಿವಲಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತೊಂದು ವರ್ಷ ಕಾಫಿ ಮಾಡಿದ ಕೈ ಅದು. ಬಲಗೈಯ ಲೋಟವನ್ನು ತಲೆಗಿಂತ ಮೇಲೆತ್ತಿ ಎಡಗೈಯ ಬಟ್ಟಲಿಗೆ ಹೊಯ್ದರೆ ಕಾಫಿ ನೂಲಿನಂತೆ ಇಳಿಯುತ್ತಿತ್ತು, ಒಂದು ಹನಿ ಆಚೀಚೆ ಬೀಳುತ್ತಿರಲಿಲ್ಲ. ಎತ್ತಿ ಹೊಯ್ಯದೆ ಕೊಟ್ಟರೆ ಅದು ಕಾಫಿಯಲ್ಲ, ಕಷಾಯ ಎನ್ನುತ್ತಿದ್ದರು. ಗಿರಾಕಿಗಳು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡುತ್ತಿದ್ದರು.

ಅವರು ಕೆಲಸ ಬಿಟ್ಟ ಮೇಲೆ ನದಿಗೆ ಎಳೆದು ತಂದವನು ನಾನೇ. ಕಾಂದಿವಲಿಯಲ್ಲಿ ಎಲ್ಲಿಯ ನದಿ ಎಂದು ಕೇಳಬೇಡಿ. ನಕ್ಷೆಯಲ್ಲಿ ಅದು ನದಿ, ಜನರ ಬಾಯಲ್ಲಿ ನಾಲಾ, ಕೊಳಚೆಯ ಕಾಲುವೆ. ನಮ್ಮದೊಂದು ಸ್ವಯಂಸೇವಕರ ತಂಡ. ಭಾನುವಾರ ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ಸಣ್ಣ ಬಾಟಲಿಗೆ ನೀರು ಹಿಡಿದು, ಔಷಧಿಯ ಹನಿ ಹಾಕಿ, ನೀರಿನಲ್ಲಿ ಎಷ್ಟು ಪ್ರಾಣವಾಯು ಇದೆ ಎಂದು ಅಳೆಯಬೇಕು. ನಾಲ್ಕರ ಮೇಲಿದ್ದರೆ ಮೀನು ಬದುಕೀತು. ಎರಡಕ್ಕಿಂತ ಕೆಳಗಿಳಿದರೆ ನದಿ ಸತ್ತಂತೆ.

ಕಾಲೇಜಿನಲ್ಲಿ ಪಾಠ ಮಾಡುವ ಸೃಜನ್ ಎರಡು ತಾಸು ಇಂಗ್ಲಿಷಿನಲ್ಲಿ ತರಬೇತಿ ಕೊಟ್ಟರು. ಅಣ್ಣು ಓದಿದ್ದು ಕನ್ನಡದ ರಾತ್ರಿಶಾಲೆಯಲ್ಲಿ, ಅದೂ ನಾಲ್ಕನೇ ಇಯತ್ತೆ. ಅವರಿಗೆ ತಿಳಿಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ತರಬೇತಿಗೆ ಬಂದವರಿಗೆಂದು ತರಿಸಿದ ವಡಾ ಆ ಕಡೆ ತಣ್ಣಗಾಗುತ್ತಿತ್ತು. ನಾನು ಎರಡು ತಾಸನ್ನು ಎರಡು ಮಾತಿಗೆ ಇಳಿಸಿದೆ: ಬಾಟಲಿ ಕಂಠಮಟ್ಟ ತುಂಬಿಸಿ, ಹನಿ ಎಣಿಸಿ ನನಗೆ ಹೇಳಿ. ಅಂಕಿಗೆ ಏನರ್ಥ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಅವರಿಗೆ ಸಿಕ್ಕ ಜಾಗ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಗಲ್ಲಿ. ಜೀನ್ಸ್ ತೊಳೆದು ಬಣ್ಣ ಹಾಕುವ ಕಾರ್ಖಾನೆಯೊಂದರ ಪೈಪು ಅಲ್ಲೇ ನಾಲಾಕ್ಕೆ ಬೀಳುತ್ತಿತ್ತು. ಗಲ್ಲಿಯ ಮೊದಲ ಮನೆ ಜೇಬುನ್ನೀಸಾ ಅವರದು. ವಿಜಯಪುರದ ಕಡೆಯವರು, ಬಿಲ್ಡಿಂಗ್‌ಗಳಲ್ಲಿ ಪಾತ್ರೆ ತಿಕ್ಕಿ ಬದುಕುವವರು. ನಲ್ಲಿಯಲ್ಲಿ ದಿನಕ್ಕೆ ಅರ್ಧ ತಾಸು ನೀರು, ಉಳಿದದ್ದಕ್ಕೆಲ್ಲ ನಾಲಾದ ಪಕ್ಕದ ಹ್ಯಾಂಡ್‌ಪಂಪು. ಪಂಪಿನ ನೀರಿಗೂ ಬಣ್ಣದ ವಾಸನೆ. ಅದರಲ್ಲಿ ನಿಂತು ನಿಂತು ಅವರ ಎರಡೂ ಕಾಲಿಗೆ ಹುಣ್ಣಾಗಿ ಮಾಯುತ್ತಲೇ ಇರಲಿಲ್ಲ. ಪೈಪು ಮುಚ್ಚಿಸಬೇಕೆಂದು ಗಲ್ಲಿಯವರನ್ನು ಕೂಡಿಸಿ ಮಾಲಿನ್ಯ ನಿಯಂತ್ರಣದ ಕಚೇರಿಗೆ ಅರ್ಜಿ ಕೊಟ್ಟವರು ಅವರೇ. ಅಣ್ಣು ವಾರವಾರ ಅಂಕಿ ಬರೆದಿಟ್ಟ ಪುಸ್ತಕದ ಝೆರಾಕ್ಸನ್ನೇ, ಅಂಕಿಯ ಅರ್ಥ ತಿಳಿಯದೆ, ಆಧಾರವೆಂದು ಲಗತ್ತಿಸಿದ್ದರು. ನನಗೆ ಇದು ತಿಳಿದದ್ದು ವಿಚಾರಣೆಯ ಹಿಂದಿನ ದಿನ. ಅಲ್ಲಿಯವರೆಗೆ ನಾನು ಆ ಗಲ್ಲಿಗೆ ಇಳಿದವನೇ ಅಲ್ಲ. ಮೂಗಿಗೆ ಕರ್ಚೀಫು ಹಿಡಿದು ಸೇತುವೆಯ ಮೇಲೆ ನಿಂತು ಅಂಕಿ ಕೇಳಿಕೊಂಡು ಹೋಗುತ್ತಿದ್ದೆ.

ಮೇಲಿನಿಂದ ನೋಡಲು ಚೆಂದವಿತ್ತು. ಅಣ್ಣು ಹಗ್ಗ ಕಟ್ಟಿದ ಡಬ್ಬದಿಂದ ನೀರೆಳೆದು, ಕೈ ಮೇಲೆತ್ತಿ, ಕೆಳಗೆ ಹಿಡಿದ ಬಾಟಲಿಗೆ ನೂಲಿನಂತೆ ಹೊಯ್ಯುತ್ತಿದ್ದರು. ನಾನು ವಿಡಿಯೋ ಮಾಡಿ ನಮ್ಮ ಬಿಲ್ಡಿಂಗಿನ ಗ್ರೂಪಿಗೆ ಹಾಕಿದ್ದೆ, ಎಲ್ಲರೂ ಚಪ್ಪಾಳೆ ಒತ್ತಿದ್ದರು. ಅಂಕಿ ನಾಲ್ಕೂವರೆ, ಕೆಲವೊಮ್ಮೆ ಐದು. ಕರ್ರಗೆ ನಾರುವ ನೀರಿಗೆ ಐದು ಎಲ್ಲಿಂದ ಬಂತು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಒಳ್ಳೆಯ ಅಂಕಿಗೆ ಯಾರು ತಕರಾರು ಮಾಡುತ್ತಾರೆ!

ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ಅದೇ ಝೆರಾಕ್ಸನ್ನು ಎತ್ತಿ ಓದಿದ. ಎಪ್ಪತ್ತನಾಲ್ಕು ಭಾನುವಾರ, ಒಂದು ವಾರವೂ ನಾಲ್ಕಕ್ಕಿಂತ ಕಡಿಮೆಯಿಲ್ಲ. ಈ ಮನುಷ್ಯ ನಿಜವಾಗಿ ಅಳೆಯುತ್ತಿದ್ದನೋ, ಮನೆಯಲ್ಲಿ ಕೂತು ಬರೆದನೋ ಎಂದು ಅಧಿಕಾರಿ ಜೇಬುನ್ನೀಸಾ ಅವರನ್ನು ಕೇಳಿದರು. ಅಣ್ಣುವಿನ ಮರ್ಯಾದೆಗೆ ಕುಂದು ಬಂತೆಂದು ಆಕೆ ಎದ್ದು ನಿಂತರು. ಅವರು ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಒಪ್ಪಿಸಿದವನು ನಾನು. "ಅಣ್ಣಾರು ಸುಳ್ಳ ಬರ್ಯಾವ್ರಲ್ರೀ ಸಾಹೇಬ್ರ. ಪ್ರತಿ ಐತವಾರ ನನ್ನ ಕಣ್ಣಮುಂದ ನೀರ ಹಿಡೀತಾರ. ಬೇಕಾದ್ರ ಹೆಬ್ಬಟ್ಟ ಒತ್ತತೀನಿ." ವಕೀಲನಿಗೆ ಅದೇ ಬೇಕಿತ್ತು, ಅಧಿಕಾರಿ ಒತ್ತಿಸಿಕೊಂಡರು. ಪುಸ್ತಕದ ಅಂಕಿ ನಿಜ, ಅಂದರೆ ನೀರು ಚೆನ್ನಾಗಿದೆ ಎಂದು ದೂರುದಾರಳೇ ಒಪ್ಪಿದಂತಾಯಿತು. ಅರ್ಜಿ ವಜಾ.

ಮರುವಾರ ಸೃಜನ್ ಗಲ್ಲಿಗೆ ಬಂದು, ನೀರು ಹಿಡಿಯುವುದನ್ನು ತೋರಿಸಿ ಎಂದರು. ಅಣ್ಣು ಹುರುಪಿನಿಂದ ಡಬ್ಬ ಮೇಲೆತ್ತಿದರು. ಸೃಜನ್ ಆ ಕೈಯನ್ನು ಅರ್ಧಕ್ಕೇ ಹಿಡಿದರು. ಎತ್ತರದಿಂದ ಬೀಳುವ ನೀರು ದಾರಿಯಲ್ಲೇ ಗಾಳಿ ಕುಡಿಯುತ್ತದೆ. ಒಂದೂವರೆ ವರ್ಷ ನಾವು ಅಳೆದದ್ದು ಆ ಗಾಳಿಯನ್ನು, ನದಿಯನ್ನಲ್ಲ. ಅವರು ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಅಲ್ಲೇ ಮುಚ್ಚಳ ಹಾಕಿ, ಅಳೆದರು. ಬಂದ ಅಂಕಿ ಬರೀ ಅರ್ಧ, ಒಂದೂ ಅಲ್ಲ. ಇದನ್ನು ಮೊದಲ ದಿನವೇ ಹೇಳಿದ್ದೆನಲ್ಲ ಎಂದು ನನ್ನತ್ತ ನೋಡಿದರು. ನಾನು ಪೈಪಿನ ಕಡೆ ನೋಡಿದೆ.

"ಕಾಫಿ ಹೊಯ್ದ ಹಾಗೆ ಹೊಯ್ದೆ ಮಾರಾಯ್ರೆ, ನನಗೆ ಬೇರೆ ಎಂತದು ಗೊತ್ತುಂಟು?" ಎಂದರು ಅಣ್ಣು. ತಪ್ಪು ನನ್ನದು ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಈ ಬರಹದಲ್ಲಿ ಹೇಳುತ್ತಿದ್ದೇನೆ, ಕಾರ್ಖಾನೆಗೆ ಇದರಿಂದ ಏನೂ ಆಗುವುದಿಲ್ಲ.

ಹೊಸ ಅಂಕಿ ಕಳಿಸಿ ಮತ್ತೆ ಬರೆದೆವು. ದೂರುದಾರರೇ ಹೆಬ್ಬೆಟ್ಟು ಒತ್ತಿದ್ದಾರೆ, ಪ್ರಕರಣ ಮತ್ತೆ ತೆರೆಯಲು ಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು.

ಅದನ್ನು ತಿಳಿಸಲು ಅಣ್ಣು ತಾವೇ ಹೋದರು. ನಾನು ಹಿಂದೆ ನಿಂತಿದ್ದೆ. ಜೇಬುನ್ನೀಸಾ ಇಟ್ಟಿಗೆಯ ಮೇಲೆ ಕಾಲಿಟ್ಟು ಹೊಸ್ತಿಲಲ್ಲಿ ಕೂತಿದ್ದರು. ಅಣ್ಣು ತಲೆ ತಗ್ಗಿಸಿ ಎಲ್ಲ ಹೇಳಿದರು, ನನ್ನ ಹೆಸರು ಒಂದು ಬಿಟ್ಟು. ಆಕೆ ತಮ್ಮ ಹೆಬ್ಬೆರಳಿನ ಕಡೆ ನೋಡಿಕೊಂಡು ಒಂದೇ ಮಾತು ಕೇಳಿದರು.

"ಹಂಗಾದ್ರ ನಾ ಒತ್ತಿದ ಹೆಬ್ಬಟ್ಟ ವಾಪಸ್ ಕೊಡಂಗಿಲ್ಲೇನ್ರೀ ಅವ್ರು?"

ಆಕೆ ಕೊಡ ಎತ್ತಿಕೊಂಡು ಪಂಪಿನ ಕಡೆ ನಡೆದರು. ಸಂಜೆಗೆ ನೀರು ಬೇಕಿತ್ತು.